ಸೊನ್ನೆ ಕೆಬಿ ಫೈಲಿನೊಳಗಿನ ತಾಳಮದ್ದಳೆ: ಒಂದು ರೆಕಾರ್ಡರಿನ ಪ್ರಕರಣ

ಹೊನ್ನಾವರ ತಾಲೂಕಿನ ಒಂದು ಹಳ್ಳಿ. ಜುಲೈ ತಿಂಗಳು. ಒಂದು ಮನೆಯ ಜಗಲಿಯಲ್ಲಿ ರಾತ್ರಿಯಿಡೀ ತಾಳಮದ್ದಳೆ. ಭಾಗವತರ ತಮ್ಮನ ಮಗ ಅದನ್ನು ಅಂಗೈಯಗಲದ ಡಿಜಿಟಲ್ ರೆಕಾರ್ಡರಿನಲ್ಲಿ ಹಿಡಿಯುತ್ತಿದ್ದ. ನಡುರಾತ್ರಿ ದಾಟಿದ ಮೇಲೆ ಕರೆಂಟು ಹೋಯಿತು. ಮರುದಿನ ಕಂಪ್ಯೂಟರಿಗೆ ಹಾಕಿ ನೋಡಿದರೆ ಕಾರ್ಡಿನಲ್ಲಿ ಎರಡು ಫೈಲು. ಒಂದು 2 ಜಿಬಿ. ಇನ್ನೊಂದು 0 ಕೆಬಿ.

ಕುಮಟಾದಲ್ಲಿ ನನ್ನದೊಂದು ಸಣ್ಣ ರಿಪೇರಿ ಅಂಗಡಿ ಇದೆ. ಹುಡುಗ ಅಲ್ಲಿಗೆ ಬಂದು ಕಾರ್ಡು, ರೆಕಾರ್ಡರು ಎರಡನ್ನೂ ಮೇಜಿನ ಮೇಲಿಟ್ಟ. "ಮಧ್ಯರಾತ್ರಿ ಮೇಲಿಂದೆಲ್ಲ ಹೋತು ಅಣ್ಣಾ" ಅಂದ. ದೊಡ್ಡಪ್ಪನಿಗೆ ಇನ್ನೂ ಹೇಳಿರಲಿಲ್ಲ.

ಕರಾವಳಿಯಲ್ಲಿ ಇದು ಅಪರೂಪದ ಕಥೆಯಲ್ಲ. ಯಕ್ಷಗಾನ ಮೇಳಗಳ ತಿರುಗಾಟ ಮಳೆಗೆ ಮುಂಚೆ ಮುಗಿಯುತ್ತದೆ. ಆಮೇಲೆ ಮನೆ, ದೇವಸ್ಥಾನ, ಸಭಾಭವನಗಳಲ್ಲಿ ತಾಳಮದ್ದಳೆ ಕೂರುತ್ತದೆ. ವೇಷವಿಲ್ಲ, ಕುಣಿತವಿಲ್ಲ, ಬರೀ ಹಾಡು ಮತ್ತು ಮಾತು. ಹಾಗಾಗಿ ಕಿವಿಯಲ್ಲಿ ಹಿಡಿದಿಡಲು ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಅದೇ ಕಾಲಕ್ಕೆ ಮಳೆ, ಗಾಳಿ, ಕರೆಂಟಿನ ಕಣ್ಣಾಮುಚ್ಚಾಲೆ. ರೆಕಾರ್ಡರು ಹೆಚ್ಚು ಕೆಲಸ ಮಾಡಬೇಕಾದ ತಿಂಗಳುಗಳೇ ಅದಕ್ಕೆ ಅತಿ ಕೆಟ್ಟ ತಿಂಗಳುಗಳು. ಈ ಪ್ರಕರಣದಲ್ಲಿ ಆದದ್ದೆಲ್ಲ ಒಂದಕ್ಕೊಂದು ಪೋಣಿಸಿಕೊಂಡು ಬಂದಿತ್ತು. ಅದಕ್ಕೇ ಪೂರ್ತಿ ಬರೆಯುತ್ತಿದ್ದೇನೆ.

ಅವತ್ತು ರಾತ್ರಿ ಆದದ್ದು

ರೆಕಾರ್ಡರು ಎರಡು ಎಎ ಸೆಲ್ಲು ಹಾಕುವ ಮಾದರಿಯದು. ಮೇಲ್ಗಡೆ ಎರಡು ಮೈಕು, ಬದಿಯಲ್ಲಿ ಮೈಕ್ರೋ ಎಸ್‌ಡಿ ಕಾರ್ಡಿನ ಜಾಗ, ಕೆಳಗೆ ಯುಎಸ್‌ಬಿ. ಕಾರ್ಡು 16 ಜಿಬಿ. ಸೆಟ್ಟಿಂಗು ವೇವ್ ಫೈಲು, 44.1 ಕಿಲೋಹರ್ಟ್ಸ್, 16 ಬಿಟ್, ಸ್ಟೀರಿಯೋ. ಅಂದರೆ ಸಿಡಿಯ ಗುಣಮಟ್ಟ.

ಈ ಲೆಕ್ಕದಲ್ಲಿ ಒಂದು ಸೆಕೆಂಡಿಗೆ 1,76,400 ಬೈಟು ತುಂಬುತ್ತದೆ. ಗಂಟೆಗೆ ಸುಮಾರು 635 ಎಂಬಿ. ಒಂದು ಫೈಲು 2 ಜಿಬಿ ಮುಟ್ಟಿದ ಕೂಡಲೇ ಈ ರೆಕಾರ್ಡರು ಅದನ್ನು ಮುಚ್ಚಿ, ತಾನೇ ಎರಡನೆಯದನ್ನು ತೆರೆಯುತ್ತದೆ. ಅದಕ್ಕೆ ಹಿಡಿಯುವ ಹೊತ್ತು 3 ಗಂಟೆ 20 ನಿಮಿಷದ ಆಸುಪಾಸು. ತಾಳಮದ್ದಳೆ ಶುರುವಾದದ್ದು ರಾತ್ರಿ ಒಂಬತ್ತೂವರೆಗೆ. ಹಾಗಾಗಿ ಹನ್ನೆರಡೂ ಮುಕ್ಕಾಲರ ತನಕದ್ದು ಮೊದಲ ಫೈಲಿನಲ್ಲಿ ಭದ್ರವಾಗಿ ಕೂತಿತ್ತು. ಎರಡನೆಯದು ತೆರೆದೇ ಇದ್ದಾಗ, ಸುಮಾರು ಎರಡೂವರೆಗೆ, ಕರೆಂಟು ಹೋಯಿತು.

ಮನೆಯವರಿಗೆ ಇದೇನು ಹೊಸದಲ್ಲ. ಇನ್ವರ್ಟರಿನ ಎರಡು ದೀಪ ಹತ್ತಿದವು. ಮದ್ದಳೆ ನಿಲ್ಲಲಿಲ್ಲ. ಹುಡುಗನ ಅಡಾಪ್ಟರು ಮಾತ್ರ ಇನ್ವರ್ಟರಿಲ್ಲದ ಪ್ಲಗ್ಗಿನಲ್ಲಿತ್ತು. ರೆಕಾರ್ಡರಿನೊಳಗೆ ಸೆಲ್ಲೇ ಇರಲಿಲ್ಲ. ವೈರಿನಿಂದಲೇ ಓಡುತ್ತಿತ್ತು. ಹಾಗಾಗಿ ಥಟ್ಟನೆ ನಿಂತಿತು.

ಅದು ನಿಂತದ್ದು ಅವನಿಗೆ ತಿಳಿದದ್ದು ಒಂದಷ್ಟು ಹೊತ್ತಿನ ಮೇಲೆ. ಅಷ್ಟರಲ್ಲಿ ಕರೆಂಟು ಬಂದಿತ್ತು. ರೆಕಾರ್ಡರು ಆನ್ ಮಾಡಿದ. ಅದು ತೆರೆದುಕೊಳ್ಳಲು ಎಂದಿಗಿಂತ ಜಾಸ್ತಿ ಹೊತ್ತು ತೆಗೆದುಕೊಂಡಿತು. ಅವನು ಹೆದರಿ ಮತ್ತೆ ಆಫ್ ಮಾಡಿ, ಉಳಿದದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡ. ಹೆದರಿದ್ದೇ ಒಳ್ಳೆಯದಾಯಿತು. ರೆಕಾರ್ಡರಿನ ಕೆಂಪು ಗುಂಡಿ ಒತ್ತಿದ್ದರೆ ಹೊಸ ಫೈಲು ಹಳೆಯದರ ಮೇಲೇ ಕೂರುವ ಸಂಭವ ಬಹಳ ಇತ್ತು.

ಕ್ಯಾಸೆಟ್ಟಿನ ಕಾಲದಲ್ಲಿ ಹೀಗಾಗುತ್ತಿರಲಿಲ್ಲ ಅಂತ ಹಳಬರು ಹೇಳುತ್ತಾರೆ. ಅದರಲ್ಲಿ ಸ್ವಲ್ಪ ನಿಜ ಇದೆ. 90 ನಿಮಿಷದ ಕ್ಯಾಸೆಟ್ಟಾದರೆ 45 ನಿಮಿಷಕ್ಕೊಮ್ಮೆ ತಿರುಗಿಸಿ ಹಾಕಬೇಕು. ಯಾರಾದರೊಬ್ಬ ಅದರ ಪಕ್ಕದಲ್ಲೇ ಕೂತಿರುತ್ತಿದ್ದ. ಕರೆಂಟು ಹೋದರೂ ಅಲ್ಲಿಯವರೆಗಿನದು ಟೇಪಿನಲ್ಲಿ ಇದ್ದೇ ಇರುತ್ತಿತ್ತು. ಡಿಜಿಟಲ್ ಪೆಟ್ಟಿಗೆಯನ್ನು ಒಮ್ಮೆ ಆನ್ ಮಾಡಿದ ಮೇಲೆ ಯಾರೂ ಅದರ ಮುಖ ನೋಡುವುದಿಲ್ಲ.

ಸೊನ್ನೆ ಅಂದರೆ ಖಾಲಿ ಅಲ್ಲ

ಫೈಲು 0 ಕೆಬಿ ಅಂತ ತೋರಿಸಿದರೆ ಒಳಗೆ ಏನೂ ಇಲ್ಲ ಅಂತಲೇ ಎಲ್ಲರೂ ತಿಳಿಯುತ್ತಾರೆ. ಡಿಲೀಟ್ ಮಾಡುತ್ತಾರೆ. ಇಲ್ಲವೇ "ಫಾರ್ಮ್ಯಾಟ್ ಮಾಡಿ ನೋಡು" ಅನ್ನುವ ಸಲಹೆಗಾರರೊಬ್ಬರು ಪ್ರತಿ ಊರಲ್ಲೂ ಇರುತ್ತಾರೆ.

ನಿಜವಾಗಿ ಆಗುವುದು ಬೇರೆ. ರೆಕಾರ್ಡರು ಹಾಡನ್ನು ಕ್ಷಣಕ್ಷಣಕ್ಕೂ ಕಾರ್ಡಿನ ಮೇಲೆ ಬರೆಯುತ್ತಾ ಹೋಗುತ್ತದೆ. ಫೈಲು ಎಷ್ಟು ದೊಡ್ಡದು, ಎಲ್ಲಿಂದ ಎಲ್ಲಿಯವರೆಗೆ ಇದೆ ಎನ್ನುವುದನ್ನು ಮಾತ್ರ ಸ್ಟಾಪ್ ಒತ್ತಿದಾಗ ಬರೆಯುತ್ತದೆ. ನಮ್ಮ ಅಂಗಡಿ ಲೆಕ್ಕದಲ್ಲಿ ಹೇಳುವುದಾದರೆ, ಮಾಲು ಗೋದಾಮಿಗೆ ಬಂದು ಬಿದ್ದಿದೆ, ಖಾತೆ ಪುಸ್ತಕಕ್ಕೆ ಏರಿಲ್ಲ. ಕಂಪ್ಯೂಟರು ನೋಡುವುದು ಖಾತೆ ಪುಸ್ತಕವನ್ನು. ಅಲ್ಲಿ ಸೊನ್ನೆ ಇದ್ದರೆ ಸೊನ್ನೆ ಅಂತಲೇ ಹೇಳುತ್ತದೆ.

ವೇವ್ ಫೈಲಿನ ಮೊದಲ 44 ಬೈಟಿನಲ್ಲಿ ಸಾಮಾನ್ಯವಾಗಿ ಇದರ ವಿವರ ಇರುತ್ತದೆ. ಎಷ್ಟು ಚಾನೆಲ್, ಎಷ್ಟು ಬಿಟ್, ಒಟ್ಟು ಉದ್ದ ಎಷ್ಟು, ಎಲ್ಲ ಅಲ್ಲೇ. ಉಳಿದದ್ದು ಬರೀ ದನಿಯ ಅಂಕಿಗಳು, ಸಾಲಾಗಿ. ಇದೇ ವೇವ್‌ನ ದೊಡ್ಡ ಗುಣ. ಆ 44 ಬೈಟು ಹೋದರೂ ಹಿಂದಿರುವ ಅಂಕಿಗಳನ್ನು ನಾವೇ ಓದಿಸಬಹುದು. ಮೊಬೈಲಿನ ಎಂ4ಎ ಫೈಲು ಹೀಗೆ ಅರ್ಧಕ್ಕೆ ನಿಂತರೆ ಕಷ್ಟ ಜಾಸ್ತಿ. ಅದರಲ್ಲಿ ದನಿಯ ತುಂಡುಗಳು ಎಲ್ಲೆಲ್ಲಿವೆ ಎನ್ನುವ ಪಟ್ಟಿ ಬಹಳ ಸಲ ಕೊನೆಯಲ್ಲೇ ಬರೆಯಲ್ಪಡುತ್ತದೆ. ಪಟ್ಟಿ ಇಲ್ಲದಿದ್ದರೆ ತುಂಡುಗಳನ್ನು ಬಿಡಿಸುವುದೇ ದೊಡ್ಡ ಕೆಲಸ.

ಕೆಲವು ಈಚಿನ ರೆಕಾರ್ಡರುಗಳು ನಡುನಡುವೆ ಈ ಲೆಕ್ಕ ಬರೆದುಕೊಳ್ಳುತ್ತವೆ. ಮತ್ತೆ ಆನ್ ಮಾಡಿದಾಗ ಅರ್ಧಕ್ಕೆ ನಿಂತ ಫೈಲನ್ನು ತಾವೇ ಸರಿ ಮಾಡುತ್ತವೆ. ಇವನದ್ದು ಹಾಗೆ ಮಾಡಿರಲಿಲ್ಲ.

ತೆಗೆದ ಬಗೆ

ಮೊದಲು ಮಾಡಿದ್ದು ಕಾರ್ಡನ್ನು ಅಡಾಪ್ಟರಿಗೆ ಹಾಕಿ, ಬದಿಯ ಚಿಕ್ಕ ಲಾಕನ್ನು ಕೆಳಗೆ ಸರಿಸಿದ್ದು. ಹೀಗೆ ಮಾಡಿದರೆ ಸಾಮಾನ್ಯವಾಗಿ ಕಂಪ್ಯೂಟರು ಅದರ ಮೇಲೆ ಬರೆಯುವುದಿಲ್ಲ. ಆಮೇಲೆ ಇಡೀ ಕಾರ್ಡಿನ ಪಡಿಯಚ್ಚು. ಫೈಲುಗಳ ಕಾಪಿ ಅಲ್ಲ. ಖಾಲಿ ಅಂತ ತೋರಿಸುವ ಜಾಗವೂ ಸೇರಿ, ಮೊದಲ ಬೈಟಿನಿಂದ ಕೊನೆಯ ಬೈಟಿನವರೆಗೆ ಒಂದೇ ದೊಡ್ಡ ಇಮೇಜು. ಇದಕ್ಕೆ ಪುಕ್ಕಟೆ ತಂತ್ರಾಂಶಗಳಿವೆ. ಲಿನಕ್ಸಿನಲ್ಲಾದರೆ ಒಂದು ಸಾಲಿನ ಕಮಾಂಡು ಸಾಕು. ಇದಾದ ಮೇಲೆ ಕಾರ್ಡನ್ನು ಲಕೋಟೆಗೆ ಹಾಕಿ ಹುಡುಗನ ಕೈಗೇ ಕೊಟ್ಟೆ. ಮುಂದಿನ ಕೆಲಸವೆಲ್ಲ ಇಮೇಜಿನ ಮೇಲೆ. ಎಡವಟ್ಟಾದರೂ ಮೂಲ ಅಲ್ಲಾಡುವುದಿಲ್ಲ.

ಮೊದಲ ಪ್ರಯತ್ನ ಫೋಟೋರೆಕ್. ಹೆಸರು ಫೋಟೋದ್ದಾದರೂ ಅದು ಹಾಡಿನ ಫೈಲುಗಳನ್ನೂ ಹುಡುಕುತ್ತದೆ, ಪುಕ್ಕಟೆ ಸಿಗುತ್ತದೆ. ಅದು ಕಾರ್ಡನ್ನು ಜಾಲಾಡಿ ಹಿಂದಿನ ಬೇಸಿಗೆಯ ಒಂದು ಮದುವೆ, ಯಾರದೋ ಮನೆಯ ಭಜನೆ, ಇನ್ನೂ ಏನೇನೋ ತಂದು ಹಾಕಿತು. ಎಲ್ಲ ಎಂದೋ ಫಾರ್ಮ್ಯಾಟ್ ಮಾಡಿ ಅಳಿಸಿದ್ದವು. ಬೇಕಾದದ್ದು ಮಾತ್ರ ಬರಲಿಲ್ಲ. ಕಾರಣ ಸರಳ. ಇಂಥ ತಂತ್ರಾಂಶ ಫೈಲಿನ ತಲೆಯಲ್ಲಿ ಬರೆದಿರುವ ಉದ್ದವನ್ನು ನಂಬುತ್ತದೆ. ಇಲ್ಲಿ ಆ ಉದ್ದವೇ ಬರೆದಿರಲಿಲ್ಲ.

ಹಾಗಾಗಿ ನೇರ ದಾರಿ. ಆಡಾಸಿಟಿ ಎನ್ನುವ ಪುಕ್ಕಟೆ ತಂತ್ರಾಂಶದಲ್ಲಿ 'ಇಂಪೋರ್ಟ್ ರಾ ಡೇಟಾ' ಎನ್ನುವ ಆಯ್ಕೆ ಇದೆ. ಯಾವ ಕಡತವನ್ನು ಕೊಟ್ಟರೂ ಅದನ್ನು ದನಿ ಅಂತಲೇ ತಿಳಿದು ತೆರೆಯುತ್ತದೆ. ಚಿತ್ರ ಕೊಟ್ಟರೂ ಸೈ, ಗದ್ದಲ ಕೇಳಿಸುತ್ತದೆ. ನಾವು ಹೇಳಿಕೊಡಬೇಕಾದದ್ದು ನಾಲ್ಕು ಸಂಗತಿ: ಸೈನ್ಡ್ 16 ಬಿಟ್, ಲಿಟಲ್ ಎಂಡಿಯನ್ (ಬೈಟುಗಳನ್ನು ಜೋಡಿಸುವ ಕ್ರಮ), ಎರಡು ಚಾನೆಲ್, 44100. ಇದಕ್ಕೆ ಬೇಕಾದ ಉತ್ತರಗಳೆಲ್ಲ ಸರಿಯಾಗಿರುವ ಮೊದಲ ಫೈಲಿನಲ್ಲೇ ಇದ್ದವು. ಎಲ್ಲಿಂದ ಓದಬೇಕು ಅನ್ನುವುದನ್ನೂ ಬೈಟಿನ ಲೆಕ್ಕದಲ್ಲಿ ಕೊಡಬಹುದು. ಇದನ್ನು ಕೊಡದೆ 16 ಜಿಬಿ ಪೂರ್ತಿ ಇಮೇಜನ್ನು ತೆರೆದರೆ 25 ಗಂಟೆಯ ಒಂದು ಟ್ರ್ಯಾಕು ಬರುತ್ತದೆ. ಹಳೆ ಕಂಪ್ಯೂಟರು ಅಲ್ಲೇ ಕೂತುಬಿಡುತ್ತದೆ.

ಇಲ್ಲಿ ಅದೃಷ್ಟ ಕೈಹಿಡಿಯಿತು. ತಾಳಮದ್ದಳೆಗೆ ಹೊರಡುವ ಮುಂಚೆ ಹುಡುಗ ಕಾರ್ಡನ್ನು ರೆಕಾರ್ಡರಿನಲ್ಲೇ ಫಾರ್ಮ್ಯಾಟ್ ಮಾಡಿದ್ದ. ಹಾಗೆ ಖಾಲಿ ಮಾಡಿದ ಕಾರ್ಡಿನಲ್ಲಿ ಫೈಲುಗಳು ಸಾಮಾನ್ಯವಾಗಿ ಒಂದರ ಬೆನ್ನಿಗೆ ಒಂದು ಸಾಲಾಗಿ ಕೂರುತ್ತವೆ. ಚೂರುಚೂರಾಗಿ ಹರಡಿಕೊಳ್ಳುವುದಿಲ್ಲ. ಮೊದಲ ಫೈಲು ಎಲ್ಲಿ ಮುಗಿಯುತ್ತದೆ ಅಂತ ಗೊತ್ತಿತ್ತು. ಅಲ್ಲಿಂದ ಮುಂದಕ್ಕೆ ಓದಿಸಿದೆ. ಒಂದು ಟಕ್ ಸದ್ದು. ಅದು ಹೆಡ್ಡರಿನ, ಅಂದರೆ ಫೈಲಿನ ತಲೆಯ ಆ ವಿವರದ ಬೈಟುಗಳು ದನಿಯಾಗಿ ಕೇಳಿಸಿದ್ದು. ಮರುಕ್ಷಣ ಭಾಗವತರ ಪದ, ಹಿಂದೆ ಮದ್ದಳೆ, ಹಂಚಿನ ಮೇಲೆ ಮಳೆ.

ಒಂದು ಗಂಟೆ ಮುಕ್ಕಾಲು ಹೀಗೇ ಓಡಿತು. ಆಮೇಲೆ ವಾಲಿಯ ಪಾತ್ರದವರು ರಾಮನನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದಾರೆ, ವಾಕ್ಯ ಅರ್ಧಕ್ಕೆ ಬಂದಿದೆ, ಥಟ್ಟನೆ ಮದುವೆ ಮನೆಯ ಓಲಗ! ಹುಡುಗ ಬೆಚ್ಚಿಬಿದ್ದ. ಕರೆಂಟು ಹೋದ ಜಾಗ ಅದೇ. ಅಲ್ಲಿಂದ ಮುಂದಕ್ಕೆ ಕಾರ್ಡಿನಲ್ಲಿದ್ದದ್ದು ಹಿಂದೆ ಅಳಿಸಿದ್ದ ಮದುವೆ. ವಾಲಿ ಸಾಯುವ ಮೊದಲೇ ತಾಳಿ ಕಟ್ಟಿಸಿಬಿಟ್ಟೆವಲ್ಲ ಅಂತ ಇಬ್ಬರೂ ನಕ್ಕೆವು.

ಹಾಗಾದರೆ ಕಳೆದದ್ದು ಎಷ್ಟು? ಕರೆಂಟು ಹೋಗುವ ಹೊತ್ತಿಗೆ ರೆಕಾರ್ಡರಿನ ತಾತ್ಕಾಲಿಕ ಮೆಮೊರಿಯಲ್ಲಿದ್ದು ಇನ್ನೂ ಕಾರ್ಡಿಗೆ ಇಳಿಯದಿದ್ದ ಕೆಲವು ಸೆಕೆಂಡು. ಅದರ ಮೇಲೆ ಅವನು ಮೊಬೈಲು ತೆಗೆಯುವವರೆಗಿನ ಒಂದು ಇಪ್ಪತ್ತು ನಿಮಿಷ. ಅಷ್ಟೇ.

ಇದನ್ನು ಓದಿ ಮಾಡಿಕೊಳ್ಳುವವರಿಗೆ ಒಂದು ಮಾತು. 16 ಬಿಟ್ ಸ್ಟೀರಿಯೋದಲ್ಲಿ ದನಿಯ ಒಂದು ಅಳತೆಗೆ (ಸ್ಯಾಂಪಲ್) 4 ಬೈಟು. ಕಾರ್ಡಿನ ಜಾಗವನ್ನು ಹಂಚಿರುವ ಸಣ್ಣ ತುಂಡು, ಅಂದರೆ ಒಂದು ಸೆಕ್ಟರು, 512 ಬೈಟು. 4ರಿಂದ ಸರಿಯಾಗಿ ಭಾಗವಾಗುತ್ತದೆ, ಹಾಗಾಗಿ ಯಾವ ಸೆಕ್ಟರಿನಿಂದ ಓದಿಸಿದರೂ ದನಿ ಬರುತ್ತದೆ. 24 ಬಿಟ್‌ನಲ್ಲಿ ಒಂದು ಅಳತೆಗೆ 6 ಬೈಟು. 512 ಅದರಿಂದ ಭಾಗವಾಗುವುದಿಲ್ಲ. ಸುಮ್ನೆ ಎಲ್ಲಿಂದಲೋ ಓದಿಸಿದರೆ ಬರೀ ಭರ್ರೋ ಅನ್ನುವ ಸದ್ದು ಬರಬಹುದು. ಗಾಬರಿಯಾಗಬೇಡಿ. ಶುರುವಿನ ಬೈಟನ್ನು ಒಂದೊಂದೇ ಮುಂದಕ್ಕೆ ಸರಿಸಿ. ಆರರೊಳಗೆ ಎಲ್ಲೋ ಒಂದು ಕಡೆ ಹಾಡು ತೆರೆದುಕೊಳ್ಳುತ್ತದೆ.

ಇನ್ನೊಂದು ತೊಡಕು ಸ್ವಲ್ಪದರಲ್ಲಿ ತಪ್ಪಿತ್ತು. ಸೆಲ್ಲಿಲ್ಲದೆ ಇಟ್ಟದ್ದಕ್ಕೆ ರೆಕಾರ್ಡರಿನ ಗಡಿಯಾರ ಸೊನ್ನೆಗೆ ಬಂದಿತ್ತು. ಫೈಲುಗಳ ಮೇಲೆ ಎಷ್ಟೋ ವರ್ಷ ಹಿಂದಿನ ಜನವರಿ 1ರ ತಾರೀಕು. ಹಳೆಯದಿರಬೇಕು ಅಂತ ಹುಡುಗ ಮೊದಲ 2 ಜಿಬಿಯನ್ನೂ ಅಳಿಸಲು ಹೊರಟಿದ್ದನಂತೆ. ಒಮ್ಮೆ ಕೇಳಿ ನೋಡೋಣ ಅನ್ನಿಸಿದ್ದಕ್ಕೆ ಉಳಿಯಿತು.

ಸೆಲ್ಲು ಯಾಕೆ ಇರಲಿಲ್ಲ

ಇಲ್ಲಿಗೆ ಹುಡುಗನ ಕೆಲಸ ಮುಗಿದಿತ್ತು. ನನಗೆ ಮುಗಿದಿರಲಿಲ್ಲ. ಎರಡು ಸೆಲ್ಲು ಒಳಗಿದ್ದಿದ್ದರೆ ಏನೂ ಆಗುತ್ತಿರಲಿಲ್ಲ. ವೈರು ಸತ್ತರೆ ಸೆಲ್ಲಿಗೆ ಬದಲಾಗುವುದು ಇಂಥ ಹೆಚ್ಚಿನ ರೆಕಾರ್ಡರುಗಳ ಗುಣ. ಯಾಕೆ ಹಾಕಲಿಲ್ಲ ಅಂತ ಕೇಳಿದೆ. "ಹಾಕಿದ್ರೆ ನಡುವೆ ಆಫ್ ಆಗ್ತು. ಸೆಲ್ಲೇ ಸರಿ ಇಲ್ಲೆ" ಅಂದ.

ಸೆಲ್ಲು ಸರಿ ಇತ್ತು. ಬ್ಯಾಟರಿ ಮುಚ್ಚಳ ತೆಗೆದರೆ ಸ್ಪ್ರಿಂಗಿನ ಬುಡದಲ್ಲಿ ಬಿಳಿ ಪುಡಿ, ಅದರ ಕೆಳಗೆ ಹಸಿರು ಕಿಲುಬು, ಅದರಾಚೆ ಕೆಂಪು ತುಕ್ಕು. ಮೂರು ಬಣ್ಣಕ್ಕೂ ಮೂರು ಕಥೆ. ಹಿಂದಿನ ವರ್ಷದ ಮಳೆಗಾಲ ಪೂರ್ತಿ ರೆಕಾರ್ಡರು ಸೆಲ್ಲಿನ ಸಮೇತ ಕಪಾಟಿನಲ್ಲಿತ್ತು. ಆಲ್ಕಲೈನ್ ಸೆಲ್ಲು ಬರಿದಾಗಿ ಹಾಗೇ ಬಿದ್ದಿದ್ದರೆ ಒಳಗೆ ಅನಿಲ ಕೂಡಿ, ಸೀಲು ಬಿಟ್ಟು, ಪೊಟ್ಯಾಷಿಯಂ ಹೈಡ್ರಾಕ್ಸೈಡ್ ಹೊರಗೆ ಜಿನುಗುತ್ತದೆ. ಗಾಳಿ ತಾಗಿ ಒಣಗಿದರೆ ಬಿಳಿ ಪುಡಿ. ಅದು ತಂತಿಯ ಮೇಲಿನ ಲೇಪವನ್ನು ತಿನ್ನುತ್ತದೆ. ತಾಮ್ರ ಇರುವಲ್ಲಿ ಹಸಿರಾಗುತ್ತದೆ. ಲೇಪ ಹೋದ ಉಕ್ಕಿಗೆ ಮಳೆಗಾಲದ ಉಪ್ಪುಗಾಳಿ ಸಿಕ್ಕರೆ ತುಕ್ಕು ಹಿಡಿಯಲು ಹೊತ್ತು ಬೇಕಿಲ್ಲ. ಘಟ್ಟದ ಮೇಲೆ ಶಿರಸಿಯಲ್ಲೂ ಥಂಡಿ ಇದೆ, ಬೂಸ್ಟು ಬರುತ್ತದೆ. ಆದರೆ ಉಪ್ಪು ಇಲ್ಲ. ಹೊನ್ನಾವರ, ಅಂಕೋಲಾ, ಕಾರವಾರದ ಸಾಮಾನು ಬಿಚ್ಚಿದರೆ ನೋಡಿದ ಕೂಡಲೇ ಕರಾವಳಿಯದು ಅಂತ ಹೇಳಬಹುದು.

ಹಾಗಾಗಿ ಸ್ಪ್ರಿಂಗು ಸೆಲ್ಲನ್ನು ಸರಿಯಾಗಿ ಮುಟ್ಟುತ್ತಿರಲಿಲ್ಲ. ಸ್ವಲ್ಪ ಅಲುಗಿದರೆ ಆಫ್. ಸೆಲ್ಲಿನ ಮೇಲೆ ನಂಬಿಕೆ ಹೋಯಿತು, ಅಡಾಪ್ಟರಿಗೆ ಹೋದರು. ಅಡಾಪ್ಟರು ಇದೆಯಲ್ಲ ಅಂತ ಸೆಲ್ಲನ್ನೇ ತೆಗೆದಿಟ್ಟರು. ಜುಲೈಯ ಆ ರಾತ್ರಿ ಆದದ್ದರ ಬೇರು ಹಿಂದಿನ ವರ್ಷದ ಕಪಾಟಿನಲ್ಲಿತ್ತು.

ಸ್ವಚ್ಛ ಮಾಡುವುದು ಕಷ್ಟವಲ್ಲ. ಆಲ್ಕಲೈನ್ ಸೋರಿದ್ದು ಕ್ಷಾರ. ಅದಕ್ಕೆ ಹುಳಿ ಬೇಕು. ಕಿವಿಕಡ್ಡಿಗೆ ವಿನೆಗರ್ ಅಥವಾ ಲಿಂಬೆ ರಸ ಒಂದು ಹನಿ ಮುಟ್ಟಿಸಿ ಉಜ್ಜಿದರೆ ಸಣ್ಣಗೆ ನೊರೆ ಬಂದು ಬಿಡುತ್ತದೆ. ಹನಿ ಕೆಳಗೆ ಇಳಿಯಬಾರದು. ಆಮೇಲೆ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಬೇಕು, ಹುಳಿಯನ್ನು ಅಲ್ಲೇ ಬಿಟ್ಟರೆ ಅದೂ ತಿನ್ನುತ್ತದೆ. ಕಪ್ಪಾದ ತಗಡಿನ ತುದಿಗೆ ಪೆನ್ಸಿಲ್ ರಬ್ಬರು ಸಾಕು. ಹಳೆ ಮಾದರಿಯ ಅಗ್ಗದ ಜಿಂಕ್ ಸೆಲ್ಲು ಸೋರಿದ್ದರೆ ಅದು ಆಮ್ಲದ ಕಡೆಯದು. ಅದಕ್ಕೆ ಅಡುಗೆ ಸೋಡಾ ಹಚ್ಚಬೇಕು, ಲಿಂಬೆ ರಸ ಅಲ್ಲ. ಈ ರೆಕಾರ್ಡರಿನ ಒಂದು ಸ್ಪ್ರಿಂಗು ಉಜ್ಜುವ ಹಂತ ದಾಟಿತ್ತು. ಕೆಟ್ಟ ರಿಮೋಟಿನಿಂದ ಒಂದನ್ನು ತೆಗೆದು ಬೆಸುಗೆ ಹಾಕಿದೆ.

ಈಗ ಅದರಲ್ಲಿ ರೀಚಾರ್ಜ್ ಮಾಡುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲುಗಳಿವೆ. ಇವು ಆಲ್ಕಲೈನಿನಷ್ಟು ಸೋರುವುದಿಲ್ಲ. ಆದರೆ ಇವುಗಳ ವೋಲ್ಟೇಜು 1.2, ಆಲ್ಕಲೈನ್‌ದು 1.5. ಇಂಥ ಎಷ್ಟೋ ರೆಕಾರ್ಡರುಗಳ ಮೆನುವಿನಲ್ಲಿ ಯಾವ ಸೆಲ್ಲು ಅಂತ ಆರಿಸುವ ಜಾಗ ಇರುತ್ತದೆ. ಅಲ್ಲಿ ಆಲ್ಕಲೈನ್ ಅಂತಲೇ ಬಿಟ್ಟರೆ ತುಂಬಿದ ಸೆಲ್ಲಿಗೂ ಅರ್ಧ ಖಾಲಿ ಅಂತ ತೋರಿಸುತ್ತದೆ. "ರೀಚಾರ್ಜ್ ಸೆಲ್ಲು ಬಾಳಿಕೆ ಬರುವುದಿಲ್ಲ" ಅನ್ನುವ ದೂರಿನಲ್ಲಿ ಒಂದು ಪಾಲು ಈ ಸೆಟ್ಟಿಂಗಿನದು.

ಪವರ್ ಬ್ಯಾಂಕು ಹಾಕಬಹುದಲ್ವಾ ಅಂತ ಹುಡುಗ ಕೇಳಿದ. ಹಾಕಬಹುದು, ಒಳಗೆ ಸೆಲ್ಲಿದ್ದರೆ. ಬಹಳಷ್ಟು ಪವರ್ ಬ್ಯಾಂಕುಗಳು ಎಳೆಯುವ ಕರೆಂಟು ತೀರಾ ಕಡಿಮೆಯಾದರೆ ಮೊಬೈಲು ಚಾರ್ಜಾಯಿತು ಅಂತ ತಿಳಿದು ತಾವೇ ಬಂದಾಗುತ್ತವೆ. ರೆಕಾರ್ಡರು ಎಳೆಯುವುದೇ ಕಡಿಮೆ. ಆಗ ಜುಲೈಯ ಕಥೆಯೇ ಮತ್ತೆ. ಯಾವುದನ್ನೇ ಹಾಕಲಿ, ಒಮ್ಮೆ ಮನೆಯಲ್ಲಿ ರೆಕಾರ್ಡಿಂಗ್ ಶುರು ಮಾಡಿ ವೈರು ಎಳೆದು ನೋಡಬೇಕು. ನಿಂತಿತೋ, ಓಡಿತೋ, ಅಲ್ಲೇ ಗೊತ್ತಾಗುತ್ತದೆ. ನಾವು ಅಂಗಡಿಯಲ್ಲೇ ಎಳೆದೆವು. ಓಡಿತು.

ಸರಿಯಾಗದೇ ಉಳಿದದ್ದು

ಎರಡೂ ಫೈಲನ್ನು ಪೂರ್ತಿ ಕೇಳಿದ ಮೇಲೆ ನನಗೆ ಬೇಜಾರಾದದ್ದು ಕರೆಂಟಿನ ವಿಷಯಕ್ಕಲ್ಲ. ಆಟೋ ಲೆವೆಲ್ ಎನ್ನುವ ಸೆಟ್ಟಿಂಗಿಗೆ.

ಹುಡುಗ ಅದನ್ನು ಆನ್ ಇಟ್ಟಿದ್ದ. ದನಿ ಜೋರಾದರೆ ರೆಕಾರ್ಡರು ತಾನೇ ತಗ್ಗಿಸುತ್ತದೆ, ಮೆಲ್ಲಗಾದರೆ ಏರಿಸುತ್ತದೆ. ಭಾಷಣಕ್ಕೆ, ಮೀಟಿಂಗಿಗೆ ಅಡ್ಡಿಯಿಲ್ಲ. ತಾಳಮದ್ದಳೆಗೆ ಅದು ಕಂಟಕ. ಚೆಂಡೆಯ ಒಂದು ಪೆಟ್ಟು ಬೀಳುತ್ತದೆ, ರೆಕಾರ್ಡರು ಹೆದರಿ ಎಲ್ಲವನ್ನೂ ತಗ್ಗಿಸುತ್ತದೆ. ಆ ಪೆಟ್ಟಿನ ಬೆನ್ನಿಗೇ ಶುರುವಾಗುವ ಅರ್ಥಧಾರಿಯ (ಪಾತ್ರವಾಗಿ ಮಾತಾಡುವವರ) ಮಾತು ಬಾವಿಯೊಳಗಿನಿಂದ ಬಂದಂತೆ ಕೇಳುತ್ತದೆ. ನಿಧಾನಕ್ಕೆ ಏರುತ್ತದೆ. ಮಾತಿನ ನಡುವೆ ಅವರು ಬೇಕಂತಲೇ ಬಿಟ್ಟ ಮೌನ ಬಂದರೆ, ರೆಕಾರ್ಡರು ಆ ಮೌನವನ್ನೂ ಎತ್ತುತ್ತದೆ. ಆಗ ಮಳೆ ಭೋರ್ ಅಂತ ಮುಂದೆ ಬರುತ್ತದೆ. ಅರ್ಥಗಾರಿಕೆಯಲ್ಲಿ ಎಲ್ಲಿ ತಗ್ಗಿಸಿದರು, ಎಲ್ಲಿ ಏರಿಸಿದರು ಅನ್ನುವುದೇ ಜೀವ. ಅದನ್ನು ಯಂತ್ರ ಸಪಾಟು ಮಾಡಿಬಿಟ್ಟಿತ್ತು.

ಇದಕ್ಕೆ ಮದ್ದಿಲ್ಲ. ಒಂದೊಂದೇ ವಾಕ್ಯ ಹಿಡಿದು ದನಿ ಏರಿಸಿ ಇಳಿಸಿ ಸ್ವಲ್ಪ ಮಟ್ಟಿಗೆ ಸುಧಾರಿಸಬಹುದು, ಮೂಲ ಬರುವುದಿಲ್ಲ. ಸೊನ್ನೆ ಕೆಬಿ ಫೈಲಿಗೆ ಎಲ್ಲರೂ ಹೆದರುತ್ತಾರೆ. ನನ್ನ ಕೇಳಿದರೆ ಈ ಎರಡರಲ್ಲಿ ದೊಡ್ಡ ಹಾನಿ ಆಟೋ ಲೆವೆಲ್ ಮಾಡಿದ್ದು. ಅದು ಯಾರಿಗೂ ಕಾಣುವುದಿಲ್ಲ, ಹಾಗಾಗಿ ಯಾರೂ ಅಂಗಡಿಗೆ ತರುವುದಿಲ್ಲ.

ಕೈಯಿಂದ ಲೆವೆಲ್ ಇಡುವುದು ಐದು ನಿಮಿಷದ ಕೆಲಸ. ಶುರುವಿನಲ್ಲಿ ಚೆಂಡೆಯವರು ಕೈ ಬಿಸಿ ಮಾಡಿಕೊಳ್ಳುವಾಗ ಮೀಟರು ನೋಡಬೇಕು. ಅವರ ಜೋರಿನ ಪೆಟ್ಟು ಮೈನಸ್ 6 ಡೆಸಿಬೆಲ್ಲಿನ ಸುತ್ತ ನಿಲ್ಲಬೇಕು, ಸೊನ್ನೆ ಮುಟ್ಟಬಾರದು. ರಾತ್ರಿ ಏರಿದ ಹಾಗೆ ಅವರ ಕೈಯೂ ಏರುತ್ತದೆ ಅನ್ನುವುದು ನೆನಪಿದ್ದರೆ ಇನ್ನೂ ಸ್ವಲ್ಪ ಕೆಳಗೇ ಇಡಿ. ಮಾತು ಸಣ್ಣಗೆ ಕೇಳುತ್ತದೆ, ಕೇಳಲಿ. ಆಮೇಲೆ ಏರಿಸಬಹುದು. 24 ಬಿಟ್‌ನಲ್ಲಿ ಹಿಡಿದರೆ ಹಾಗೆ ಏರಿಸಿದಾಗ ಒರಟುತನ ಬರುವ ಭಯ ಕಡಿಮೆ. ಆದರೆ ಜಾಗ ಒಂದೂವರೆ ಪಟ್ಟು ಬೇಕು. 48 ಕಿಲೋಹರ್ಟ್ಸ್‌ನಲ್ಲಾದರೆ ಗಂಟೆಗೆ 1 ಜಿಬಿ ದಾಟುತ್ತದೆ. ಈಗ 32 ಬಿಟ್ ಫ್ಲೋಟ್ ಅನ್ನುವ ರೆಕಾರ್ಡರುಗಳೂ ಬಂದಿವೆ. ಅವುಗಳಲ್ಲಿ ಲೆವೆಲ್ಲಿನ ತಲೆಬಿಸಿ ಬಹುಮಟ್ಟಿಗೆ ಇಲ್ಲ. ಕೊಳ್ಳುವವರಿಗೆ ಅದು ಒಳ್ಳೆಯದು, ಇದ್ದದ್ದನ್ನು ಬಿಸಾಕಬೇಕಾಗಿಲ್ಲ.

ಇಟ್ಟ ಜಾಗವೂ ತಪ್ಪಾಗಿತ್ತು. ಹಿಮ್ಮೇಳದ ಮುಂದಿನ ಸ್ಟೂಲಿನ ಮೇಲೆ, ಚೆಂಡೆಗೆ ಹತ್ತಿರ. ಯಾರೋ ಲೋಟ ಇಟ್ಟಾಗಲೆಲ್ಲ ಧಡ್ ಅನ್ನುವ ಸದ್ದು ಬಂದಿದೆ. ಮಡಚಿದ ಟವೆಲು ಹಾಸಿ, ಅರ್ಥಧಾರಿಗಳ ಕಡೆ ಎರಡು ಮೊಳ ಸರಿಸಿದ್ದರೆ ಸಾಕಿತ್ತು. ಟೇಬಲ್ ಫ್ಯಾನಿನ ಗಾಳಿ ಮೈಕಿಗೆ ನೇರ ಬಡಿಯುತ್ತಿತ್ತು. ತಗ್ಗಿನ ಸದ್ದನ್ನು ಕತ್ತರಿಸುವ ಲೋ ಕಟ್ ಸ್ವಿಚ್ಚು ಹಾಕಿದ್ದರೆ ಆ ಗುಡುಗುಡು ಅರ್ಧ ಕಡಿಮೆಯಾಗುತ್ತಿತ್ತು.

ಮಳೆಯ ಸದ್ದನ್ನು ತೆಗೆಯಿರಿ ಅಂತ ಬೆಂಗಳೂರಿನಲ್ಲಿರುವ ಅವರ ಬಂಧುವೊಬ್ಬರು ಫೋನಿನಲ್ಲಿ ಹೇಳಿದರು. ತೆಗೆಯುವ ತಂತ್ರಾಂಶ ಇದೆ. ಜಾಸ್ತಿ ತೆಗೆದರೆ ಮಾತಿನ ಸ, ಶ, ಹಗಳೂ ಅದರ ಜೊತೆ ಹೋಗುತ್ತವೆ, ಉಳಿದದ್ದು ನೀರೊಳಗಿನ ಮಾತಿನ ಹಾಗೆ ಗುಳುಗುಳು ಅನ್ನುತ್ತದೆ. ನಾನು ತೆಗೆಯಲಿಲ್ಲ. ಜುಲೈ ತಿಂಗಳಲ್ಲಿ ಹೊನ್ನಾವರದಲ್ಲಿ ಮಳೆ ಬಾರದೆ ಮತ್ತೇನು ಬರಬೇಕು?

ಭಾಗವತರ ಪೆಟ್ಟಿಗೆಗೆ

ಭಾಗವತರು ಕೇಳುವುದು ಪೆನ್ ಡ್ರೈವ್ ಹಾಕುವ ಒಂದು ಸಣ್ಣ ಸ್ಪೀಕರ್ ಪೆಟ್ಟಿಗೆಯಲ್ಲಿ. ಅವರ ಶಿಷ್ಯನೊಬ್ಬ ಕಲಿಯುವುದೂ ಅದರಲ್ಲೇ. ಈಗ ಅಪರೂಪಕ್ಕೆ ಕೇಳಿಬರುವ ಒಂದೆರಡು ಮಟ್ಟು (ಹಾಡಿನ ಧಾಟಿ) ಆ ರಾತ್ರಿ ಅವರು ಹಾಡಿದ್ದರು. ಇಷ್ಟೆಲ್ಲ ಪಾಡುಪಟ್ಟದ್ದು ಅದಕ್ಕೇ.

ಮೂಲದ ವೇವ್ ಫೈಲುಗಳನ್ನು ಮುಟ್ಟದೆ ಎರಡು ಬೇರೆ ಬೇರೆ ಡಿಸ್ಕಿನಲ್ಲಿ ಇಟ್ಟು, ಒಂದನ್ನು ಬೇರೆ ಮನೆಗೆ ಕೊಟ್ಟದ್ದಾಯಿತು. ಕೇಳಲು 192 ಕೆಬಿಪಿಎಸ್‌ನ ಎಂಪಿ3 ಪ್ರತಿ. ಆ ಪೆಟ್ಟಿಗೆ ಎಫ್‌ಎಟಿ32 ಬಗೆಯಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್ ಡ್ರೈವನ್ನು ಮಾತ್ರ ಓದುತ್ತದೆ. ಫೈಲಿನ ಹೆಸರು ಕನ್ನಡದಲ್ಲಿದ್ದರೆ ಅದರ ಪರದೆಯಲ್ಲಿ ಬರೀ ಚೌಕ ಕಾಣುತ್ತದೆ. ಹಾಗಾಗಿ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ, ಮುಂದೆ 01, 02 ಅಂತ ಅಂಕಿ ಹಾಕಿ ಕೊಟ್ಟೆ. ಇಂಥ ಅಗ್ಗದ ಪ್ಲೇಯರುಗಳು ಕೆಲವೊಮ್ಮೆ ಹೆಸರಿನ ಕ್ರಮ ಬಿಟ್ಟು ಕಾಪಿ ಮಾಡಿದ ಕ್ರಮದಲ್ಲಿ ನುಡಿಸುತ್ತವೆ. ಅದಕ್ಕೆ ಪೆನ್ ಡ್ರೈವ್ ಖಾಲಿ ಮಾಡಿ ಒಂದೊಂದನ್ನೇ ಸಾಲಾಗಿ ಹಾಕಿದ್ದು. ಶಿಷ್ಯನಿಗೆ ಬೇಕಾದ ಮಟ್ಟುಗಳನ್ನು ಬೇರೆ ತುಂಡು ಮಾಡಿ, ಶ್ರುತಿ ಬದಲಾಗದ ಹಾಗೆ ಲಯ ಮಾತ್ರ ನಿಧಾನ ಮಾಡಿದ ಒಂದೊಂದು ಪ್ರತಿಯನ್ನೂ ಸೇರಿಸಿದೆ. ಅರ್ಥಧಾರಿಗಳಿಗೆ ಫೋನು ಮಾಡಿ ಹೊರಗೆ ಹಂಚಬಹುದೇ ಅಂತ ಭಾಗವತರೇ ಕೇಳಿದರು. ಒಬ್ಬರು ಬೇಡ ಅಂದರು. ಅವರ ಭಾಗ ಮನೆಯೊಳಗೇ ಉಳಿಯಿತು.

ರೆಕಾರ್ಡರು ಈಗ ಮಳೆಗಾಲದಲ್ಲಿ ಕೆಲಸವಿಲ್ಲದಾಗ ಗಾಳಿಯಾಡದ ಡಬ್ಬಿಯಲ್ಲಿರುತ್ತದೆ. ಸೆಲ್ಲು ಹೊರಗೆ, ಸಿಲಿಕಾ ಜೆಲ್ಲಿನ ಪೊಟ್ಟಣ ಒಳಗೆ. ನೀಲಿ ಹರಳು ಗುಲಾಬಿಯಾದರೆ ಕಾಯಿಸಿ ಒಣಗಿಸಿ ಮತ್ತೆ ಹಾಕಬೇಕು. ಮನೆಯವರು ಮೊದಲು ಹೇಳಿದ್ದು ಅಕ್ಕಿ ಡಬ್ಬಿ. ಅಕ್ಕಿ ಅಷ್ಟೇನೂ ತೇವ ಎಳೆಯುವುದಿಲ್ಲ, ಅದರ ಹಿಟ್ಟು ಮೈಕಿನ ಜಾಲರಿಗೆ ಕೂರುತ್ತದೆ. ಒಲೆಯ ಮೇಲಿನ ಅಟ್ಟ ಎಂದೂ ಅಜ್ಜಿ ಹೇಳಿದರಂತೆ. ಅಡಿಕೆ, ಮೆಣಸಿನಕಾಳಿಗೆ ಸರಿ. ಮೈಕಿಗೆ ಹೊಗೆಯ ಜಿಡ್ಡು ಹತ್ತಿದರೆ ಹೋಗುವುದಿಲ್ಲ. ಮೈಕಿನ ಸ್ಪಂಜು ಟೋಪಿ ಆಗಲೇ ಪುಡಿಪುಡಿಯಾಗಿತ್ತು. ಥಂಡಿಗೆ ಕೆಲವೇ ವರ್ಷದಲ್ಲಿ ಹಾಗಾಗುತ್ತದೆ. ಅದನ್ನು ತೆಗೆದು ಹೊಸದು ಹಾಕಿದ್ದೇವೆ.

ಉಳಿದದ್ದು ಆ ಇಪ್ಪತ್ತು ನಿಮಿಷ. ಅದರಲ್ಲಿ ಎರಡು ಪದ ಇದ್ದವು. ದೊಡ್ಡಪ್ಪ ಮನೆಯಲ್ಲಿ ಕೂತು ಅವನ್ನು ಹಾಡಿಕೊಟ್ಟರೆ ನಡುವೆ ಸೇರಿಸಬಹುದು, ಮೊಬೈಲಿನ ಭಾಗಕ್ಕೆ ಸರಿಯಾಗಿ ಕೂಡುತ್ತದೆ ಅನ್ನುವುದು ಹುಡುಗನ ಆಸೆ. ಭಾಗವತರು ಹಾಡಿದರು, ಈ ಸಲ ಲೆವೆಲ್ ಕೈಯಿಂದ ಇಟ್ಟದ್ದಕ್ಕೆ ದನಿ ಚೆನ್ನಾಗೇ ಬಂತು. ಆದರೆ ಸೇರಿಸಲು ಮಾತ್ರ ಒಪ್ಪಲಿಲ್ಲ. "ಅದು ಬೇರೆ ದಿನದ್ದು ತಮಾ. ಇದಕ್ಕೆ ಅಂಟಿಸಡ" ಅಂದರು. ಆ ಎರಡು ಪದ ಈಗ ಪೆನ್ ಡ್ರೈವಿನ ಕೊನೆಯಲ್ಲಿ, ತಮ್ಮದೇ ತಾರೀಕಿನಲ್ಲಿ ಬೇರೆ ಫೈಲುಗಳಾಗಿವೆ. ತಾಳಮದ್ದಳೆಯ ಎರಡನೇ ಫೈಲು ವಾಲಿಯ ಅರ್ಧ ವಾಕ್ಯಕ್ಕೇ ಮುಗಿಯುತ್ತದೆ.